ಇನ್ನೂರು ಹೆಜ್ಜೆಗೆ ಎರಡು ತಾಸು

ಎಂಬತ್ನಾಲ್ಕರ ಬೇಸಿಗೆಯಲ್ಲಿ ನಮ್ಮೂರಿಗೆ ಹನ್ನೊಂದು ಜನ ಬಿಳಿಯರು ಬಂದಿಳಿದರು. ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸು. ವಿಷಯ ಜಗತ್ತಿನ ನೀರಿನ ಸಮಸ್ಯೆ. ಇಷ್ಟು ದೊಡ್ಡ ಜಗತ್ತು ಬಿಟ್ಟು ಗುಡೇಕೋಟೆಯಾಚೆಗಿನ ಈ ಕಲ್ಲುಗುಡ್ಡದ ಊರೇ ಅವರಿಗೆ ಏಕೆ ಬೇಕಾಯಿತೋ, ಆ ಕೊಟ್ರಯ್ಯನೇ ಬಲ್ಲ. ಶಾಲೆಗೆ ರಜೆ. ಊರಲ್ಲಿ ಇಂಗ್ಲಿಷ್ ಬಲ್ಲವಳೆಂದರೆ ಟೀಚರು ಕೊಟ್ರಬಸಮ್ಮ, ಅಂದರೆ ನಾನೊಬ್ಬಳೇ. ಆರು ವಾರ ಅವರ ದುಭಾಷಿಯಾದೆ.

ಮೊದಲ ದಿನವೇ ಅವರ ಪ್ರೊಫೆಸರಮ್ಮ ಹೇಳಿದಳು: ಮುಂದಿನ ಬೇಸಿಗೆ ಕೋರ್ಸು ಅವರೂರಿನಲ್ಲಿ, ಚೆನ್ನಾಗಿ ಕೆಲಸ ಮಾಡಿದ ದುಭಾಷಿಗೆ ಅಲ್ಲೊಂದು ಜಾಗವಿದೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಿ.ಎ. ಓದಲು ಕೊಟ್ಟೂರಿಗೆ ಹೋದದ್ದೇ ನನ್ನ ಪಾಲಿನ ದೂರ ಪ್ರಯಾಣ. ಹೇಗಾದರೂ ಹೋಗಲೇಬೇಕು ಎಂದುಕೊಂಡೆ.

ಕೋರ್ಸಿನ ಹುಡುಗರು ಹಾಳೆ ಹಿಡಿದು ಮನೆಮನೆ ತಿರುಗಿದರು. ಬಾವಿ ಎಷ್ಟು ದೂರ, ನೀರು ತರಲು ಎಷ್ಟು ಹೊತ್ತು. ಹೆಲೆನ್ ಎಂಬ ಹುಡುಗಿಯ ಜೊತೆ ನಾನು ಆಚೆ ಕೇರಿಯ ಕರಿಯಕ್ಕನ ಗುಡಿಸಲಿಗೆ ಹೋದೆ.

"ದೂರ ಏನಿಲ್ರಿ ಅಕ್ಕೋರ, ಇನ್ನೂರು ಹೆಜ್ಜಿ," ಎಂದಳು ಕರಿಯಕ್ಕ. "ಹೊತ್ತು ಅಂದ್ರ ಎರಡು ತಾಸು ಬೇಕ್ರಿ."

ಹೆಲೆನ್ ಬರೆಯುವುದನ್ನು ನಿಲ್ಲಿಸಿದಳು. ಇನ್ನೂರು ಹೆಜ್ಜೆಗೆ ಎರಡು ತಾಸು ಯಾಕೆ ಎಂದು ನನ್ನನ್ನು ಕೇಳಿದಳು.

ಬೇಸಿಗೆಯಲ್ಲಿ ನೀರಿರುವುದು ನಮ್ಮ ಮನೆಯ ಬಾವಿಯಲ್ಲಿ ಮಾತ್ರ. ಅದರ ಹಗ್ಗವನ್ನು ಕರಿಯಕ್ಕನ ಜಾತಿಯವರು ಮುಟ್ಟುವಂತಿಲ್ಲ. ಕೊಡ ಇಟ್ಟು ದೂರ ನಿಲ್ಲಬೇಕು. ನನ್ನ ದೊಡ್ಡವ್ವ ಹಂಪಮ್ಮ ಪೂಜೆ, ರೊಟ್ಟಿ ಎಲ್ಲ ಮುಗಿಸಿ, ಮನಸ್ಸು ಬಂದಾಗ ಸೇದಿ ಹೊಯ್ಯುತ್ತಾಳೆ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೇನು ಬರುತ್ತಿರಲಿಲ್ಲವೇ? ಬೇರೆಯವರ ಮನೆಯ ಬಾವಿಯಾಗಿದ್ದರೆ ಭಾಷಣವನ್ನೇ ಬಿಗಿಯುತ್ತಿದ್ದೆ. "ಪಾಳಿ ದೊಡ್ಡದಿರುತ್ತದೆ" ಎಂದೆ. ಹೆಲೆನ್ ಬರೆದುಕೊಂಡಳು.

ಬುದ್ಧಿವಂತ ಮಕ್ಕಳು, ಪಾಳಿ ಎಂದ ಮೇಲೆ ಉಪಾಯ ಹುಡುಕದೆ ಬಿಡುತ್ತಾರೆಯೇ? ಹೊಸಪೇಟೆಯಿಂದ ಇನ್ನೊಂದು ರಾಟೆ, ಹೊಸ ಹಗ್ಗ ತಂದು ಕೊನೆಯ ದಿನ ನಮ್ಮ ಬಾವಿಗೆ ಹಾಕಿದರು. ಊರೆಲ್ಲ ಸೇರಿತು. ಹೆಲೆನ್ ಕರಿಯಕ್ಕನ ಕೈಹಿಡಿದು ಎಳೆತಂದು, ಮೊದಲು ನೀನೇ ಸೇದು ಎಂದು ಹಗ್ಗ ಚಾಚಿದಳು. ಕರಿಯಕ್ಕ ಬೆವೆತುಹೋದಳು. ದೊಡ್ಡವ್ವ ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದಳು.

"ನಾ ಒಲ್ಲೆ ಅಂತ ಹೇಳ್ರಿ ಅಕ್ಕೋರ," ಎಂದಳು ಕರಿಯಕ್ಕ. "ಯಾಕ ಅಂತನೂ ನೀವ ಹೇಳ್ರಿ."

ನಾನು ಹೇಳಲಿಲ್ಲ. ಹಗ್ಗ ಕಸಿದುಕೊಂಡು ನಾನೇ ಸೇದಿ ಅವಳ ಕೊಡಕ್ಕೆ ಹೊಯ್ದೆ, ದೊಡ್ಡವ್ವನ ಹಾಗೆಯೇ, ಎತ್ತರದಿಂದ, ತಾಗದಂತೆ. ಪ್ರೊಫೆಸರಮ್ಮ ಫೋಟೊ ತೆಗೆದಳು, ಹುಡುಗರು ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಸಾಯಬೇಕಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಹಾಯೆನಿಸಿತು.

ಎಂಟು ತಿಂಗಳಿಗೆ ಲಕೋಟೆ ಬಂತು. ನನಗೆ ಜಾಗ ಸಿಕ್ಕಿತ್ತು. ಜೊತೆಗೆ ಹೊಸ ಕೋರ್ಸಿನ ಪುಸ್ತಿಕೆ. ಅದರ ಮುಖಪುಟದಲ್ಲಿ ನಾನು, ಕರಿಯಕ್ಕ, ನಡುವೆ ನೀರಿನ ಧಾರೆ. ಊರವರ ಸಹಕಾರದಿಂದ ನೀಗಿದ ಸಮಸ್ಯೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಎರಡು ದಿನ ಅನ್ನ ಸೇರಲಿಲ್ಲ, ಸುಮ್ಮನೆ ಒಳಗೂ ಹೊರಗೂ ತಿರುಗಿದೆ. ಮೂರನೆಯ ದಿನ ಪುಸ್ತಿಕೆ ಹಿಡಿದು ಬಾವಿಯ ಹತ್ತಿರ ಹೋದೆ. ಎರಡು ರಾಟೆಗಳೂ ಸುಮ್ಮನಿದ್ದವು. ಕರಿಯಕ್ಕ ಕೊಡ ಇಟ್ಟು ನಿಂತಿದ್ದಳು.

ಫೋಟೊ ತೋರಿಸಿದೆ. ಬಾಗಿ ನೋಡಿದಳು.

"ನಾನೂ ಚೆಂದ ಬಂದೀನಿ ಬಿಡ್ರಿ," ಎಂದು ನಕ್ಕಳು. "ಯಾಕ ಹಗ್ಗ ಹಿಡೀಲಿಲ್ಲ ಅಂತ ಇದ್ರಾಗ ಬರದಾರೇನ್ರಿ?"

"ಇಲ್ಲ."

"ಮತ್ತ ನೀವು ಅಲ್ಲಿಗೆ ಹೋಗಿ ಹೇಳ್ತೀರೇನ್ರಿ?"

ಅಷ್ಟರಲ್ಲಿ ದೊಡ್ಡವ್ವ ಹಿತ್ತಲಿಗೆ ಬಂದಳು. ಕರಿಯಕ್ಕ ನಾಲ್ಕು ಹೆಜ್ಜೆ ಹಿಂದೆ ಸರಿದಳು. ನಾನು ಪುಸ್ತಿಕೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ದೊಡ್ಡವ್ವನಿಗೆ ದಾರಿ ಬಿಟ್ಟೆ.