ಯಮನೂರಮ್ಮನ ಬೀಗರು

ತುರ್ವಿಹಾಳದ ಯಮನೂರಮ್ಮನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಗಂಡ ತೀರಿದ ಮೇಲೆ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ತೆಗೆದು, ಕೂಲಿಯಲ್ಲಿ ಉಳಿಸಿ ದಢೇಸುಗೂರಿನ ಒಬ್ಬ ರೈತನಿಂದ ಒಂದು ಎಮ್ಮೆ ತಂದಿದ್ದಳು. ಇನ್ನೊಂದು ಎಮ್ಮೆಯಾದರೆ ಕೂಲಿ ಬಿಟ್ಟು, ಯಾರ ಗದ್ದೆಯ ಬಾಂದಿನ ಮೇಲೂ ನಿಂತು ಬೈಸಿಕೊಳ್ಳದೆ, ಹಾಲು ಮಾರಿ ಬದುಕಬಹುದು ಎಂಬುದು ಅವಳ ಲೆಕ್ಕ.

ಆದರೆ ಅವಳಿಗೆ ಊರು ತಿರುಗುವ ಹುಚ್ಚೂ ಇತ್ತು.

“ಎರಡನೇ ಎಮ್ಮಿ ಬಂದ ಮ್ಯಾಲೆ ತಿರುಗು,” ಎನ್ನುತ್ತಿದ್ದಳು ಪಕ್ಕದ ಮನೆಯ ಹಾಜಿರಾಬೀ. ಅವಳೂ ಒಂಟಿ, ಬಳೆ ಮಾರುವವಳು.

“ಅಲ್ಲೀತನಕ ನನ್ನ ಮೊಣಕಾಲು ಕಾಯ್ತಾವೇನು?”

ಹೀಗಾಗಿ ಯಮನೂರಮ್ಮ ಒಂದು ದಾರಿ ಕಂಡುಕೊಂಡಳು. ಮದುವೆಯ ಹಂಗಾಮಿನಲ್ಲಿ ಸಿಂಧನೂರಿಗೆ ಹೋಗಿ, ಚಹಾಕ್ಕೆಂದು ನಿಂತ ಯಾವುದಾದರೂ ದಿಬ್ಬಣದ ಲಾರಿ ಹತ್ತಿ ಹೆಂಗಸರ ನಡುವೆ ಕುಳಿತುಬಿಡುತ್ತಿದ್ದಳು. ಹೆಣ್ಣಿನವರು ಅವಳನ್ನು ಗಂಡಿನ ಕಡೆಯವಳೆಂದುಕೊಳ್ಳುತ್ತಿದ್ದರು, ಗಂಡಿನವರು ಹೆಣ್ಣಿನ ಕಡೆಯವಳೆಂದು. ಉಂಡ ಅನ್ನ ಬಿಟ್ಟಿಯಾಗಬಾರದೆಂದು ಅಕ್ಕಿ ಹಸನು ಮಾಡುತ್ತಿದ್ದಳು, ಸೋಬಾನ ಹಾಡುತ್ತಿದ್ದಳು. ಅವತ್ತಿನ ಹಾಲು ಹಿಂಡಿ ಇಟ್ಟುಕೊಳ್ಳುವುದು ಹಾಜಿರಾಬೀಗೆ ಬಿಟ್ಟದ್ದು. ಹೀಗೆ ಕಾಸು ಬಿಚ್ಚದೆ ಕೊಪ್ಪಳ, ಕುಷ್ಟಗಿ, ಮಾನ್ವಿ ಎಲ್ಲ ನೋಡಿದ್ದಳು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ದಢೇಸುಗೂರಿನಿಂದ ಲಿಂಗಸುಗೂರಿಗೆ ಹೊರಟಿದ್ದ ಒಂದು ಹೆಣ್ಣಿನ ಕಡೆಯ ದಿಬ್ಬಣದ ಲಾರಿ ಹತ್ತಿದಳು. ಬರುವಾಗ ಮಸ್ಕಿಯಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಿ ಗುಡ್ಡದ ಮೇಲಿನ ಮಲ್ಲಯ್ಯ ದೇವರನ್ನು ನೋಡುವ ಆಸೆಯಾಗಿತ್ತು. ಆದರೆ ಹಂದರದಲ್ಲಿ ಜಗಳ ಎದ್ದಿತು. ಮರ್ಯಾದೆಗೆಂದು ಹಿರಿಯರ ತಲೆಗೆ ಸುತ್ತಲು ತಂದ ಪಟಗ ಒಂದೇ. ಗಂಡಿನ ಸೋದರಮಾವ ಹೊನ್ನೂರಪ್ಪ ತನಗೇ ಸುತ್ತಬೇಕೆಂದ. ಹೆಣ್ಣಿನ ದೊಡ್ಡಪ್ಪ ದುರುಗಪ್ಪ, ವಯಸ್ಸಿನಲ್ಲಿ ದೊಡ್ಡವನು ತಾನು ಎಂದ. ತಾಳಿ ತಟ್ಟೆಯಲ್ಲೇ ಉಳಿಯಿತು. ಹೊತ್ತು ಇಳಿಯತೊಡಗಿತು.

ಇನ್ನು ಮಲ್ಲಯ್ಯ ಸಿಗಲಿಕ್ಕಿಲ್ಲ ಎನಿಸಿ ಯಮನೂರಮ್ಮ ಎದ್ದುನಿಂತಳು. “ಇಬ್ಬರಿಗೂ ಬ್ಯಾಡ. ನನಗ ಸುತ್ರಿ.”

ಎದುರು ಕಡೆಯ ಹಿರಿಯಳೆಂದುಕೊಂಡು ಅವಳಿಗೆ ಇಲ್ಲ ಎನ್ನುವ ಧೈರ್ಯ ಎರಡೂ ಕಡೆಯವರಿಗೆ ಆಗಲಿಲ್ಲ. ಪಟಗ ಸುತ್ತಿದರು, ತಾಳಿ ಕಟ್ಟಿಸಿದರು. ಅವಳು ಪಟಗದಲ್ಲೇ ಮಸ್ಕಿ ಗುಡ್ಡ ಹತ್ತಿ ಕೈಮುಗಿದು ಇಳಿದಳು.

ಬೀಗರೂಟದ ದಿನ ಎರಡೂ ಕಡೆಯವರು ಆ ಹಿರಿಯಳು ಯಾಕೆ ಬರಲಿಲ್ಲವೆಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಆಗ ಗುಟ್ಟು ಬಯಲಾಯಿತು. ಲಾರಿಯಲ್ಲಿ ಅವಳು ಹೆಂಗಸರಿಗೆ ಊರು ಹೇಳಿದ್ದರಿಂದ ದುರುಗಪ್ಪನೂ ಹೊನ್ನೂರಪ್ಪನೂ ಕೂಡಿ ತುರ್ವಿಹಾಳಕ್ಕೆ ಬಂದರು. ಯಮನೂರಮ್ಮ ಬಾಗಿಲ ಹಿಂದೆ ನಿಂತು, “ಬೈಯಾಕ ಬಂದೀರೇನ್ರೀ?” ಎಂದಳು.

“ಬೈಯೋದು ಹೆಂಗವಾ?” ಎಂದ ದುರುಗಪ್ಪ. “ಹತ್ತು ಮಂದಿ ಮುಂದ ಪಟಗ ಸುತ್ತೀವಿ. ಯಾರಿಗೋ ಸುತ್ಯಾರಂತ ತಿಳಿದ್ರ ನಮ್ಮ ಇಜ್ಜತ್ತು ಹೋಗ್ತೈತಿ. ಅದಕ್ಕ ಇವತ್ತಿನಿಂದ ನೀ ನಮ್ಮಾಕಿ.”

“ನಮ್ಮಾಕಿನೂ,” ಎಂದ ಹೊನ್ನೂರಪ್ಪ.

ಅಲ್ಲಿಂದ ಅವಳ ಬದುಕು ಕೆಟ್ಟಿತು. ವಾರಕ್ಕೊಂದು ಕರೆ ಬಂತು. ಮದುವೆ, ತೊಟ್ಟಿಲು, ಜವಳ, ಗೃಹಪ್ರವೇಶ. ಸಂಬಂಧಿ ಎಂದ ಮೇಲೆ ಬರಿಗೈಯಲ್ಲಿ ಹೋಗುವಂತಿಲ್ಲ, ಮುಯ್ಯಿ ಹಾಕಬೇಕು. ಎರಡನೇ ಎಮ್ಮೆಗೆಂದು ಗಡಿಗೆಯಲ್ಲಿ ಇಟ್ಟದ್ದು ಸ್ಟೀಲಿನ ಡಬರಿ, ಜಂಪರ್ ಬಟ್ಟೆ, ಬಸ್ ಚಾರ್ಜಿಗೆ ಹೋಯಿತು.

“ಮುಯ್ಯಿ ವಾಪಸ್ ಬರಬೇಕಂದ್ರ ನಿನ್ನ ಮನ್ಯಾಗೂ ಒಂದು ಕಾರ್ಯ ಆಗಬೇಕು,” ಎಂದಳು ಹಾಜಿರಾಬೀ.

“ನನ್ನ ಮನ್ಯಾಗ ಯಾರದಾರ ಬೇ?”

ಹಾಜಿರಾಬೀ ಕೊಟ್ಟಿಗೆಯ ಕಡೆ ನೋಡಿದಳು. ಎಮ್ಮೆ ಗಬ್ಬವಾಗಿ ಏಳು ತಿಂಗಳು. “ಬಸುರಿಗೆ ಮಾಡೋ ಹಂಗ ಕುಬಸ ಮಾಡು.”

ಯಮನೂರಮ್ಮ ನಗಲಿಲ್ಲ. ಆಚಾರ್ಯರ ಹತ್ತಿರ ದಿನ ನೋಡಿಸಿ ಎರಡೂ ಊರಿಗೆ ಹೇಳಿಕಳಿಸಿದಳು.

ಎರಡು ಟ್ರ್ಯಾಕ್ಟರ್ ತುಂಬ ಜನ ಬಂದರು. ಹಂದರದ ಕೆಳಗೆ ಎಮ್ಮೆ ಹಸಿರು ಸೀರೆ ಹೊದ್ದು ನಿಂತಿತ್ತು. ಹಾಜಿರಾಬೀ ಕೊಂಬಿಗೆ ಬಳೆ ಏರಿಸಿದ್ದಳು.

“ಕುಬಸ ಚೊಚ್ಚಲಿಗೆ ಮಾಡತಾರ. ಇದು ಎರಡನೇ ಸೂಲು ಅಲ್ಲೇನು?” ಎಂದು ಹೊನ್ನೂರಪ್ಪ ಕೇಳಿದ.

“ಚೊಚ್ಚಲಿಗೆ ನನಗ ಬೀಗರಿದ್ದಿಲ್ರೀ.”

ಹೆಂಗಸರು ಆರತಿ ಎತ್ತಿದರು, ಉಡಿ ತುಂಬಲು ಹೋದರು. ಉಡಿಯ ಅಕ್ಕಿ, ಕೊಬ್ಬರಿಯನ್ನು ಎಮ್ಮೆ ಅಲ್ಲಿಂದಲ್ಲಿಗೇ ತಿಂದಿತು. ಮೊದಲು ಕುಬಸದ ಬಟ್ಟೆ ಏರಿಸುವುದು ಯಾರು ಎಂಬುದಕ್ಕೆ ಮತ್ತೆ ಜಗಳ.

“ಎಮ್ಮಿ ಯಾವೂರಿಂದ ತಂದೀದಿ?” ಎಂದು ದುರುಗಪ್ಪ ಕೇಳಿದ.

“ನಿಮ್ಮೂರಿಂದನ.”

“ಮತ್ತ, ತವರಿನವ್ರು ನಾವು,” ಎಂದು ದುರುಗಪ್ಪ ಮೀಸೆಯ ಮೇಲೆ ಕೈಯಾಡಿಸಿ ಮುಂದೆ ಬಂದ.

ಮುಯ್ಯಿಯೆಲ್ಲ ಬಂದಿತು. ಸೋತ ಸಿಟ್ಟಿಗೆ ಹೊನ್ನೂರಪ್ಪ ಎಲ್ಲರಿಗಿಂತ ಹೆಚ್ಚು ಹಾಕಿದ. ಜನ ಏಳುವ ಹೊತ್ತಿಗೆ ಹಾಜಿರಾಬೀ ಮೆಲ್ಲಗೆ, “ಕುಬಸ ಆದ ಮ್ಯಾಲೆ ಬಾಣಂತನಕ್ಕ ತವರಿಗೆ ಕರಕೊಂಡು ಹೋಗೋದು ನಿಮ್ಮಲ್ಲಿ ಪದ್ಧತಿ ಇಲ್ಲೇನ್ರೀ?” ಎಂದಳು. ತವರಿನವನೆಂದು ಅಷ್ಟು ಮಂದಿಯ ಮುಂದೆ ಹೇಳಿಕೊಂಡ ದುರುಗಪ್ಪ ಹಿಂದೆ ಸರಿಯುವ ಹಾಗಿರಲಿಲ್ಲ. ಟ್ರ್ಯಾಕ್ಟರಿನ ಟ್ರೈಲರಿಗೆ ಹಲಗೆ ಹಚ್ಚಿ ಎಮ್ಮೆಯನ್ನು ಹತ್ತಿಸಿದರು. ಅದು ತಿರುಗಿ ಕೂಗಿದಾಗ ಯಮನೂರಮ್ಮ ನಿಜವಾಗಿಯೇ ಅತ್ತಳು. ಹೆಂಗಸರು ಸಮಾಧಾನ ಹೇಳಿದರು.

ಎಮ್ಮೆ ದಢೇಸುಗೂರಿನಲ್ಲಿ ಹಸಿ ಹುಲ್ಲು ತಿಂದು, ಹೆಣ್ಣುಗರು ಹಾಕಿ, ಮೈ ತುಂಬಿಕೊಂಡು ಬಂದಿತು. ಮುಯ್ಯಿಯ ಹಣಕ್ಕೆ ಇನ್ನೊಂದು ಎಮ್ಮೆಯೂ ಬಂದಿತು. ಮರುವರ್ಷದಿಂದ ಯಮನೂರಮ್ಮ ಯಾರ ಗದ್ದೆಗೂ ಇಳಿಯಲಿಲ್ಲ.

ಆದರೆ ಅದಕ್ಕೂ ಮೊದಲು, ಎಮ್ಮೆ ತವರಿನಲ್ಲಿದ್ದಾಗ, ಅವಳು ಹಾಜಿರಾಬೀಯನ್ನು ಕರೆದುಕೊಂಡು ರೊಟ್ಟಿ ಕಟ್ಟಿಕೊಂಡು ವಿಜಾಪುರಕ್ಕೆ ಹೋದಳು. ಇಬ್ಬರೂ ಟಿಕೆಟ್ ತೆಗೆಸಿ ಕಿಟಕಿಯ ಪಕ್ಕ ಕುಳಿತಿದ್ದರು. ಗೋಳಗುಮ್ಮಟದೊಳಗೆ ಮೇಲಿನ ಮೊಗಸಾಲೆಯಲ್ಲಿ ನಿಂತು ಯಮನೂರಮ್ಮ ಹಾಲು ಹಿಂಡುವಾಗ ಎಮ್ಮೆಗೆ ಮಾಡುವ ಸದ್ದು ಮಾಡಿದಳು. ಗುಮ್ಮಟವೆಲ್ಲ ಅದನ್ನೇ ತಿರುತಿರುಗಿ ಮಾಡಿತು. ಕಾವಲುಗಾರ ಬಂದು ಇಳಿಯಿರಿ ಎಂದ. ಇಳಿದು, ಮೆಟ್ಟಿಲ ಮೇಲೆ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದರು.

“ಮನಿಗೆ ಹೋಗೂಣೇನು?” ಎಂದಳು ಹಾಜಿರಾಬೀ.

“ಯಾಕ? ಸೊಲ್ಲಾಪುರ ಎಷ್ಟು ದೂರ ಕೇಳು.”