ಮಾವನ ಕಪ್ಪು ಪೆನ್ನು

ಹೊಟ್ಟೆಕಿಚ್ಚು ಅಂತಲೇ ಕರೆಯಿರಿ, ನನಗೇನೂ ಬೇಜಾರಿಲ್ಲ. ಇಪ್ಪತ್ತೆರಡು ವರ್ಷ ಶಾಯಿಯಲ್ಲಿ ಕೈ ಅದ್ದಿದವಳು ನಾನು. ಮದುವೆಯಾಗಿ ಬಂದ ತಿಂಗಳಿಗೇ ಉಗುರಿನ ಸಂದಿಗೆ ಹತ್ತಿದ ನೀಲಿ ಇವತ್ತಿನವರೆಗೂ ಹೋಗಿಲ್ಲ. ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಅಂಗಡಿಗೆ ಕಾಲಿಟ್ಟು ಇನ್ನೂ ಎರಡು ವರ್ಷ ತುಂಬಿಲ್ಲ. ಅವಳ ಉಗುರು ನೋಡಬೇಕು ನೀವು, ಆಗತಾನೇ ತೊಳೆದಿಟ್ಟ ಪಿಂಗಾಣಿ ಬಟ್ಟಲಿನ ಹಾಗಿರುತ್ತದೆ. ಕೆಲಸ ಮಾಡುವವರ ಉಗುರು ಹಾಗಿರುತ್ತದೆಯೇ?

ಮಾಡುತ್ತಾಳೆ, ಅದೇ ನನ್ನ ಸಂಕಟ. ಬಾಗಿದ ನಿಬ್ಬನ್ನು ಹೆಬ್ಬೆರಳಿನ ಉಗುರಿನಿಂದಲೇ ನೇರ ಮಾಡುತ್ತಾಳೆ. ಅದನ್ನು ಕಲಿಯಲು ನನಗೆ ಆರು ವರ್ಷ ಹಿಡಿದಿತ್ತು, ಅವಳಿಗೆ ಒಂದು ಮಳೆಗಾಲ ಸಾಕಾಯಿತು. ಹಳೆಯ ಪೆನ್ನು ಸಂಗ್ರಹಿಸುವ ವಕೀಲರೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಮೊದಲೆಲ್ಲ ಬಾಗಿಲಲ್ಲೇ ನನ್ನನ್ನು ಮಾತಾಡಿಸುತ್ತಿದ್ದರು. ಈಗ ನನ್ನ ಮುಂದೆಯೇ ನಿಂತು, ಚಿಕ್ಕವರು ಇಲ್ಲವೇ ಎಂದು ಕೇಳುತ್ತಾರೆ. ನಾನೇನು ಬಾಗಿಲ ಪಕ್ಕದ ಕೊಡೆ ಸ್ಟ್ಯಾಂಡೇ?

ಅಂಗಡಿ ನಮ್ಮ ಮಾವನದು. ಮನೆಯ ಕೆಳಗಿನ ಒಂದೇ ಉದ್ದನೆಯ ಕೋಣೆ, ಹಳೆಯ ಫೌಂಟನ್ ಪೆನ್ನುಗಳ ರಿಪೇರಿ. ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದರಲ್ಲೂ ಒಂದೊಂದು ಬಗೆಯ ಮುಚ್ಚಳ, ಕ್ಲಿಪ್ಪು, ರಬ್ಬರ್ ಚೀಲ. ಬೀದಿಯ ಕಡೆಗೆ ಇರುವುದು ಒಂದೇ ಕಿಟಕಿ. ನಿಬ್ಬಿನ ಸೀಳು ಕೂದಲಿಗಿಂತ ಸಣ್ಣದು, ಅದನ್ನು ನೋಡಲು ಹಗಲು ಬೆಳಕೇ ಆಗಬೇಕು. ಆದ್ದರಿಂದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರೇ ಅಂಗಡಿಯ ಮೇಷ್ಟ್ರು. ಅದರಲ್ಲಿ ಮಾವ ಮೂವತ್ತೆಂಟು ವರ್ಷ ಕೂತಿದ್ದರು.

ಈ ವರ್ಷ ಅವರ ಕಣ್ಣಿಗೆ ಆಪರೇಷನ್ ಆಯಿತು. ಎರಡು ತಿಂಗಳು ಹಾಸಿಗೆ, ಆದರೂ ದೃಷ್ಟಿ ಪೂರ್ತಿ ಮರಳಲಿಲ್ಲ. ಮತ್ತೆ ಕೆಳಗಿಳಿದು ಬಂದ ದಿನವೇ ತಮ್ಮ ಡಬ್ಬಿ, ಭೂತಗನ್ನಡಿ, ಒರೆಸುವ ಬಟ್ಟೆ ಎಲ್ಲವನ್ನೂ ಎತ್ತಿಕೊಂಡು ಹಿಂದಿನ ಮೂಲೆಯ ಮೇಜಿಗೆ ಹೋದರು. ಇನ್ನು ಕಿಟಕಿಯ ಬೆಳಕು ತಮಗೆ ದಂಡ ಎಂದರು. ಕುರ್ಚಿ ಯಾರಿಗೆ ಎಂದು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳುವುದಕ್ಕೇನಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಒಂದು ದಿನ ಯಾರೂ ಇಲ್ಲದಾಗ ಆ ಕುರ್ಚಿಯಲ್ಲಿ ಕೂತು ಕೂಡ ನೋಡಿದೆ, ಸುಳ್ಳೇಕೆ ಹೇಳಲಿ. ಬೆಳಕು ನೇರ ಮಡಿಲಿಗೇ ಬೀಳುತ್ತಿತ್ತು.

ನಮ್ಮಲ್ಲೊಂದು ಪದ್ಧತಿಯಿದೆ. ಮೇಷ್ಟ್ರ ಸ್ವಂತ ಪೆನ್ನನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅವರು ಕುರ್ಚಿ ಬಿಡುವಾಗ ಮಾತ್ರ ಶಿಷ್ಯರ ಕೈಲಿ ಅದನ್ನು ಬಿಚ್ಚಿಸಿ, ತೊಳೆಸಿ, ಹೊಸದು ಮಾಡಿಸುತ್ತಾರೆ. ಮಾವನ ಗುರುಗಳ ಕಾಲದಲ್ಲೂ ಹಾಗೇ ಆಗಿತ್ತಂತೆ, ಆ ವಾರವೇ ಮಾವನಿಗೆ ಕುರ್ಚಿ ಸಿಕ್ಕಿತಂತೆ. ಇಷ್ಟನ್ನು ಮಾವ ನೂರು ಸಲ ಹೇಳಿದ್ದರು. ಪೆನ್ನು ತೊಳೆದವರಿಗೇ ಕುರ್ಚಿ ಎಂದು ನಾನು ಕೂಡಿಸಿಕೊಂಡಿದ್ದೆ.

ಮಾವನ ಪೆನ್ನು ಕಪ್ಪು, ಹೆಬ್ಬೆರಳಿನಷ್ಟು ದಪ್ಪ. ಪ್ಲಾಸ್ಟಿಕ್ ಅಲ್ಲ, ಎಬೊನೈಟ್, ಅಂದರೆ ಗಟ್ಟಿ ರಬ್ಬರಿನದು. ಅವರು ಹಾಸಿಗೆ ಹಿಡಿದಾಗ ಶಾಯಿ ಒಳಗೇ ಒಣಗಿ ಕಟ್ಟಿಕೊಂಡಿತ್ತು. ಸೋಮವಾರ ಬೆಳಗ್ಗೆ ಮಾವ ಅದನ್ನು ಜೇಬಿನಿಂದ ತೆಗೆದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಅರ್ಧ ಎದ್ದೇಬಿಟ್ಟಿದ್ದೆ. ಮಾವ ನನ್ನ ಮೇಜು ದಾಟಿ ಹೋಗಿ ಪೆನ್ನನ್ನು ಅವಳ ಮುಂದಿಟ್ಟರು.

ಎದ್ದವಳು ಹಾಗೇ ಕೂರುವುದು ಹೇಗೆ? ಡ್ರಾಯರಿನಲ್ಲಿ ಏನೋ ಹುಡುಕುವವಳ ಹಾಗೆ ನಟಿಸಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ, ಯಾಕೆ ಮುಖ ಊದಿಸಿಕೊಂಡಿದ್ದೀಯಾ ಎಂದರು. ಹಲ್ಲುನೋವು ಎಂದೆ. ಲವಂಗ ತಂದುಕೊಟ್ಟರು, ಪಾಪ. ಆ ಲವಂಗವನ್ನು ಅಗಿದಗಿದು ಓರಗಿತ್ತಿಯ ಮೇಲಿನ ಸಿಟ್ಟನ್ನೆಲ್ಲ ತೀರಿಸಿಕೊಂಡೆ.

ಊಟವಾದ ಮೇಲೆ ಮಾವ ಮಹಡಿಯಲ್ಲಿ ಮಲಗಿದ್ದರು. ಕೆಳಗೆ ನಾವಿಬ್ಬರೇ. ಅವಳು ಪೆನ್ನು ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕಾ, ಕತ್ತಿನ ಹತ್ರ ಶಾಯಿ ಕಲ್ಲಾಗಿದೆ, ತಿರುಗ್ತಾನೇ ಇಲ್ಲ. ಪೂರ್ತಿ ನೀರಿಗೆ ಹಾಕಿಡ್ಲಾ?"

ಇಲ್ಲಿ ಒಂದು ಮಾತು ಹೇಳಬೇಕು. ಪ್ಲಾಸ್ಟಿಕ್ ಪೆನ್ನನ್ನು ನಾವು ದಿನಗಟ್ಟಲೆ ನೀರಿನಲ್ಲಿಡುತ್ತೇವೆ. ಅವಳು ಇಷ್ಟು ದಿನ ಮಾಡಿದ್ದು ಅಂಥವನ್ನೇ. ಎಬೊನೈಟ್ ಹಾಗಲ್ಲ. ಹತ್ತಾರು ವರ್ಷ ಬೆಳಕು ಕಂಡ ಕಪ್ಪು ಎಬೊನೈಟ್ ನೀರಲ್ಲಿ ನೆನೆದರೆ ಬಣ್ಣ ಕೆಟ್ಟು ಕೆಸರಿನಂತಾಗುತ್ತದೆ. ಮತ್ತೆ ಏನು ಮಾಡಿದರೂ ಮೊದಲಿನ ಕಪ್ಪು ಬರುವುದಿಲ್ಲ. ನಿಬ್ಬಿನ ತುದಿಯನ್ನಷ್ಟೇ ಒದ್ದೆ ಬಟ್ಟೆಯ ಮೇಲೆ ನಿಲ್ಲಿಸಿ, ಎರಡು ಮೂರು ದಿನ ತಾಳ್ಮೆಯಿಂದ ಕಾಯಬೇಕು. ಎಬೊನೈಟ್ ಕೆಲಸವೆಲ್ಲ ನನ್ನದೇ ಆಗಿದ್ದರಿಂದ ಇದು ಅವಳಿಗೆ ಗೊತ್ತಿರಲಿಲ್ಲ. ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು.

"ಹಾಕು" ಎಂದೆ.

ಅವಳು ಗಾಜಿನ ಲೋಟಕ್ಕೆ ನೀರು ಬಗ್ಗಿಸಿ ಪೆನ್ನನ್ನು ಮುಳುಗಿಸಿದಳು. ನೀಲಿ ಎಳೆಯೆಳೆಯಾಗಿ ನೀರಿಗೆ ಇಳಿಯಿತು. ಸಂಜೆ ಬಾಗಿಲು ಹಾಕುವವರೆಗೂ ನಾನು ಆ ಲೋಟದ ಕಡೆಗೇ ಕಳ್ಳನೋಟ ಬೀರುತ್ತಿದ್ದೆ. ತೆಗೆ ಎನ್ನಲು ಸಾಕಷ್ಟು ಹೊತ್ತಿತ್ತು. ನಾನು ಕ್ಲಿಪ್ಪುಗಳಿಗೆ ಪಾಲಿಷ್ ಹಾಕುತ್ತ ಕೂತೆ, ಎಂದೂ ಇಲ್ಲದ ಶ್ರದ್ಧೆಯಿಂದ.

ಬೆಳಗ್ಗೆ ಅವಳು ಪೆನ್ನು ಹೊರತೆಗೆದು ಒರೆಸಿದಾಗ ಅದು ಹಳಸಿದ ಟೀ ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಹಸಿರು. ಬಟ್ಟೆಯಿಂದ ಉಜ್ಜಿದಳು, ಇನ್ನೂ ಉಜ್ಜಿದಳು. ಆಮೇಲೆ ನನ್ನ ಕಡೆ ನೋಡಿದಳು. ಬೈದಿದ್ದರೆ ವಾಸಿಯಿತ್ತು, ನನ್ನ ಬಾಯಿಗೂ ಕೆಲಸ ಸಿಗುತ್ತಿತ್ತು. ಕೂತು ನಿಬ್ಬು ತೊಳೆದಳು, ಸೀಳು ಸರಿಮಾಡಿದಳು, ಶಾಯಿ ತುಂಬಿಸಿದಳು. ಒಂದು ಹನಿ ಶಾಯಿಯೂ ಹೊರಗೆ ಚೆಲ್ಲಲಿಲ್ಲ. ಅದನ್ನು ಕಂಡೂ ನನಗೆ ಉರಿಯಿತು.

ಮಾವ ಬಂದು ಕೈ ಚಾಚಿದರು. ಬಣ್ಣ ಅವರಿಗೆ ಸರಿಯಾಗಿ ಕಾಣುವುದಿಲ್ಲ, ಬಚಾವಾದೆ ಅಂದುಕೊಂಡೆ. ಅವರು ಬೆರಳಿನಿಂದ ಸವರಿದರು, ಮೂಗಿನ ಹತ್ತಿರ ಹಿಡಿದರು. ಕೆಟ್ಟ ಎಬೊನೈಟ್ ಗಂಧಕದ ವಾಸನೆ ಹೊಡೆಯುತ್ತದೆ. ಮಾವ ಸ್ಟೂಲೆಳೆದು ಕೂತರು.

"ನಮ್ಮ ಗುರುಗಳ ಪೆನ್ನು ನಾನು ತೊಳೀಲಿಲ್ಲ. ಅವರು ಅದನ್ನ ನನಗಿಂತ ಚಿಕ್ಕವನ ಕೈಲಿ ಕೊಟ್ಟಿದ್ರು. ಅವನಿಗೆ ಗೊತ್ತಾಗದೆ ಹೋದಾಗ ಎದ್ದು ಯಾರನ್ನ ಕೇಳೋಕೆ ಹೋಗ್ತಾನೆ ಅಂತ ನೋಡ್ತಾ ಇದ್ರು. ಅವನು ನನ್ನ ಹತ್ರ ಬಂದ. ಅದಕ್ಕೇ ಕುರ್ಚಿ ನಂದಾಯ್ತು."

ಮಾವ ಅವಳ ಕಡೆ ತಿರುಗಿದರು.

"ನೀನು ಯಾರನ್ನ ಕೇಳಿದೆ?"

ಅವಳು ನನ್ನನ್ನು ನೋಡಲೇ ಇಲ್ಲ. "ಯಾರನ್ನೂ ಕೇಳಲಿಲ್ಲ ಮಾವ. ನಾನೇ ಹಾಕಿದ್ದು" ಎಂದಳು.

ಯೋಚನೆ ಮಾಡಿ ನೋಡಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಕುರ್ಚಿ ಹೋಗುತ್ತಿತ್ತು. ಬಾಯಿ ಬಿಟ್ಟರೆ ಕುರ್ಚಿ ಬರುತ್ತಿತ್ತು, ಮಾಡಿದ ನೀಚತನವನ್ನೂ ಒಪ್ಪಿಕೊಳ್ಳಬೇಕಿತ್ತು. ನಿಜ ಹೇಳುತ್ತೇನೆ, ನಾನು ಎರಡನ್ನೂ ತೂಗಲಿಲ್ಲ. ಅವಳು ನನ್ನನ್ನು ಕಾಪಾಡುತ್ತಿದ್ದಾಳೆ ಎನ್ನುವುದಷ್ಟೇ ತಲೆಗೆ ಹೊಕ್ಕಿತು. ನಿಬ್ಬಿನಲ್ಲಿ ಮೇಲು, ವಕೀಲರ ಬಾಯಲ್ಲಿ ಮೇಲು, ಈಗ ದೊಡ್ಡತನದಲ್ಲೂ ಇವಳೇ ಮೇಲೇ? ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಸುಳ್ಳು" ಎಂದೆ. "ನನ್ನನ್ನೇ ಕೇಳಿದ್ಲು. ಹಾಕು ಅಂದಿದ್ದು ನಾನು. ಗೊತ್ತಿದ್ದೇ ಅಂದೆ."

ಮಾವ ಒಂದು ಚೀಟಿ ಎಳೆದುಕೊಂಡು ಪೆನ್ನಿನಿಂದ ಒಂದು ಗೆರೆ ಎಳೆದರು. ಗೆರೆ ಎಲ್ಲೂ ತಡವರಿಸಲಿಲ್ಲ. ಮುಚ್ಚಳ ಹಾಕಿ, ಆ ಕಂದು ಪೆನ್ನನ್ನು ಎಂದಿನ ಹಾಗೆ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಹೊರಗೆ ಬೆಳಕಿಗೆ ಹೋದರೆ ನೋಡಿದವರಿಗೆಲ್ಲ ಕಾಣುವಂತಿತ್ತು.

"ಪದ್ಧತಿ ಪದ್ಧತಿನೇ" ಎಂದರು. "ಅವಳು ಕೇಳಿದ್ದು ನಿನ್ನನ್ನ. ಹೋಗು, ಕೂತ್ಕೋ."

ಈಗ ನಾನು ಕಿಟಕಿಯ ಪಕ್ಕ ಕೂರುತ್ತೇನೆ. ಮೂರು ತಿಂಗಳಾಯಿತು. ಬೆಳಕು ಚೆನ್ನಾಗಿದೆ. ವಕೀಲರು ಬಂದವರೇ ಮೊದಲು ನನಗೆ ನಮಸ್ಕಾರ ಹೇಳುತ್ತಾರೆ. ಮನೆಯಲ್ಲಿ ಅವಳು ನನ್ನ ಹತ್ತಿರ ಮೊದಲಿನ ಹಾಗೇ ಮಾತಾಡುತ್ತಾಳೆ, ಅಕ್ಕಾ ಎನ್ನುತ್ತಾಳೆ, ಚಹಾ ಮಾಡಿದರೆ ನನಗೂ ಒಂದು ಲೋಟ ತರುತ್ತಾಳೆ. ಮುಖ ಗಂಟುಹಾಕಿದ್ದನ್ನು ನಾನು ಕಂಡಿಲ್ಲ.

ನಿನ್ನೆ ಅವಳ ಕೈಗೆ ಮತ್ತೊಂದು ಎಬೊನೈಟ್ ಪೆನ್ನು ಬಂತು. ತಿರುಗಿಸಿ ನೋಡಿದಳು, ಹುಬ್ಬು ಗಂಟಿಕ್ಕಿದಳು, ಎದ್ದಳು. ನಾನು ಕೈಲಿದ್ದದ್ದನ್ನು ಕೆಳಗಿಟ್ಟು ನೆಟ್ಟಗೆ ಕೂತೆ. ನಿಬ್ಬು ಮಾತ್ರ ಒದ್ದೆ ಬಟ್ಟೆಯ ಮೇಲೆ, ಮೂರು ದಿನ ತಾಳ್ಮೆ ಎಂದು ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವಳ ಮೇಜಿನಿಂದ ನನ್ನ ಕುರ್ಚಿಗೆ ನಾಲ್ಕು ಹೆಜ್ಜೆ, ಹಿಂದಿನ ಮೂಲೆಗೆ ಒಂಬತ್ತು. ಅವಳು ಒಂಬತ್ತು ಹೆಜ್ಜೆ ನಡೆದು ಹೋಗಿ ಮಾವನ ಪಕ್ಕ ಬಗ್ಗಿ ನಿಂತಳು. ಕಣ್ಣು ಸರಿಯಾಗಿ ಕಾಣದ ಆ ಮುದುಕ ಪೆನ್ನನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಹೇಳಿಕೊಡುತ್ತಿದ್ದರು, ಅವಳು ತಲೆಯಾಡಿಸುತ್ತಿದ್ದಳು.

ಈಗ ನನಗೆ ಹೊಟ್ಟೆಕಿಚ್ಚು ಮಾವನ ಮೇಲೆ.