ಹೊಸ್ತಿಗೆ ಕೊಯ್ದ ಜೋಳ

"ಹುಳ ತಿಂದ್ರೆ ಸಾಯೂ ಜೋಳ, ಬಸ್ರಿ ತಿಂದ್ರೆ ಎಂತ ಆತ್ತ್?"

ಸರಸ ಹಾಗೆ ಕೇಳಿದಾಗ ಅಡುಗೆಮನೆಯಲ್ಲಿ ಉರಿಯುವ ಒಲೆಯ ಹೊರತು ಯಾರೂ ಇರಲಿಲ್ಲ. ಒಳಕೋಣೆಯಲ್ಲಿ ಏಳು ತಿಂಗಳ ಬಸುರಿ ಸೊಸೆ ವಿಜೇತಾ ಮಲಗಿದ್ದಳು.

ಹಟ್ಟಿಯಂಗಡಿಯ ಅವರ ಗದ್ದೆಯನ್ನು ಆ ವರ್ಷ ಸರಸಳ ಗಂಡ ಬೀಜದ ಕಂಪನಿಗೆ ಬಿಟ್ಟುಕೊಟ್ಟಿದ್ದ. ಹುಳದ ಮದ್ದು ಗಿಡದೊಳಗೇ ಹುಟ್ಟುವ ಮೆಕ್ಕೆಜೋಳವಂತೆ, ಎಲೆ ಕಚ್ಚಿದ ಹುಳ ಅಲ್ಲೇ ಸಾಯುತ್ತದಂತೆ. ಪ್ರಯೋಗ ನೋಡಿಕೊಳ್ಳುವ ಯೋಗೀಶ ಬೇಲಿ ಹಾಕಿಸಿ, ಒಂದು ಎಲೆಯೂ ಹೊರಗೆ ಹೋಗಕೂಡದು, ಯಾರೂ ತಿನ್ನಕೂಡದು, ಕೊನೆಗೆ ಎಲ್ಲ ಸುಡುವುದು ಎಂದು ಹೇಳಿದ್ದ. ದೇವರಿಗೆ ಇಡಕೂಡದು ಎಂದು ಮಾತ್ರ ಹೇಳಿರಲಿಲ್ಲ.

ನವರಾತ್ರಿ ಬಂತು. ಹೊಸ ಬೆಳೆಯ ಮೊದಲ ತೆನೆ ಮನೆಗೆ ತಂದು ಕಟ್ಟಿ, ಅದರ ಕಾಳಿನ ಅಡುಗೆ ಉಣ್ಣುವ ಹೊಸ್ತಿಗೆ ಸ್ವಂತ ಗದ್ದೆಯ ತೆನೆಯೇ ಬೇಕು, ಪಕ್ಕದ ಮನೆಯದು ತಂದು ಕಟ್ಟುವ ಪದ್ಧತಿ ಇಲ್ಲ. ಗದ್ದೆಯಲ್ಲೋ ಭತ್ತದ ಸುಳಿವೇ ಇಲ್ಲ. ಸರಸ ಬೆಳಗ್ಗೆ ಮಿಂದು, ಮಡಿಯುಟ್ಟು, ಬೇಲಿ ಸರಿಸಿ ಎರಡು ಜೋಳದ ತೆನೆ ಮುರಿದಳು. ಒಂದನ್ನು ದೇವರ ಕೋಣೆಯ ಕಂಬಕ್ಕೆ ಕಟ್ಟಿದಳು. ಇನ್ನೊಂದರ ಕಾಳು ಬಿಡಿಸಿ ಪಾಯಸಕ್ಕೆ ಹಾಕಿದಳು. ಮೊದಲ ಸೌಟು, ಹೊಟ್ಟೆಯಲ್ಲಿರುವ ಕೂಸಿಗೆಂದು, ವಿಜೇತಾಳ ಎಲೆಗೇ ಬಿತ್ತು.

ಮರುದಿನ ಬೇಲಿಯ ಬಳಿ ಕಣ್ಣು ಹಾಯಿಸಿದರೆ ಜೋಳದ ಎಲೆಯ ಸಂದಿಯಲ್ಲಿ ಹುಳಗಳು ಕಪ್ಪಾಗಿ ಮುರುಟಿ ಬಿದ್ದಿದ್ದವು. ಚಿಕ್ಕವಳಿದ್ದಾಗ ಅಪ್ಪ ಜಗಲಿಯಲ್ಲಿ ಕುಳಿತು ರಾಗವಾಗಿ ಓದುತ್ತಿದ್ದ ಪುರಾಣದಲ್ಲಿ, ಹಣ್ಣಿನೊಳಗಿನ ಹುಳವೊಂದು ಹಾವಾಗಿ ರಾಜನ ಜೀವ ತೆಗೆದಿತ್ತು. ಆ ಪದ್ಯ ಈಗ ಒಲೆಯ ಮುಂದೆ ಕರೆಯದೆಯೇ ಕಿವಿಗೆ ಬಂದು ಕೂತಿತು.

"ಅತ್ತೆ," ಒಳಗಿಂದ ವಿಜೇತಾ ಕರೆದಳು, "ನಿನ್ನೆಯಿಂದ ಕೂಸ್ ಅಷ್ಟ್ ಹಂದಾಡ್ತಿಲ್ಲೆ ಕಾಣಿ."

ಸರಸ ಸೌಟು ಕೆಳಗಿಟ್ಟು ಎದ್ದಳು.

"ಹ್ವಾಯ್, ಸರಸಕ್ಕ!" ಅಂಗಳದಲ್ಲಿ ಯೋಗೀಶ. "ನಿಮ್ಮೂರ್ ಮಂಗ ಭಾರಿ ನಾಜೂಕಿಂದ್ ಮಾರಾಯ್ರೆ, ಸಾಲ್ ಮುರೀದೆ ಎರಡೇ ಎರಡ್ ತೆನಿ ಕೊಯ್ದಿತ್."

"ಮಂಗ ಅಲ್ಲ, ನಾನೇ," ಎಂದಳು ಸರಸ. ತೆನೆ ಮುರಿದದ್ದರಿಂದ ಹಿಡಿದು ಪಾಯಸ, ಕೂಸು ಅಲುಗಾಡದಿರುವುದರವರೆಗೆ ಎಲ್ಲವನ್ನೂ ಹೇಳಿದಳು. ಯೋಗೀಶನ ಮುಖದ ನಗೆ ಆರಿತು.

"ಹೆದರ್ಬೇಡಿ. ಹುಳದ್ ಹೊಟ್ಟೆ ಬೇರೆ, ನಮ್ದ್ ಬೇರೆ. ಆ ಮದ್ದ್ ನಮಗ್ ತಾಗೂದಿಲ್ಲೆ ಅಂತ್ಲೇ ಹೇಳ್ತ್ರ್. ಆದ್ರೂ ವಿಜೇತಾನ್ ಈಗ್ಲೇ ಡಾಕ್ಟ್ರಿಗ್ ತೋರ್ಸಿ. ಕೂಸ್ ಹಂದಾಡದಿದ್ರೆ ಕಾಯೂಕಾಗ."

"ತಾಗೂದಿಲ್ಲ ಅಂದ್ಮೇಲೆ ಸುಡೂದ್ ಎಂತಕ್?"

"ಪರೀಕ್ಷೆ ಮುಗೀಲಿಲ್ಲೆ, ಅದ್ಕೆ."

ಅವಳು ಮಗನಿಗೆ ರಿಕ್ಷಾ ತರಲು ಕೂಗಿ ಹೇಳಿ, ದೇವರ ಕೋಣೆಗೆ ಹೋದಳು. ಮುಂದಿನ ಹೊಸ್ತಿನವರೆಗೆ ಬಿಚ್ಚಬಾರದ ತೆನೆಯನ್ನು ಬಿಚ್ಚಿ ತಂದು ಯೋಗೀಶನ ಮುಂದೆ ಹಿಡಿದಳು.

"ಒಂದ್ ಕಾಳ್ ತಿನ್ ಮಗ. ನನ್ನ್ ಕಣ್ಣೆದ್ರಿಗೆ. ಅದ್ನ್ ಕಂಡಾರೂ ನಂಗ್ ಧೈರ್ಯ ಬರ್ಲಿ."

ಯೋಗೀಶ ತೆನೆಯನ್ನು ನೋಡಿದ, ಒಳಕೋಣೆಯ ಬಾಗಿಲನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇಲ್ಲ ಸರಸಕ್ಕ. ನಾನ್ ತಿಂಬುದಿಲ್ಲೆ."